ಅಜ್ಜಿಗೆ ಯಾಕೆ ವೀಸಾ ಬೇಕು?



ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಒಮ್ಮೆ ‘ಅಜ್ಜಿ ಮನೆ’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆಯಿರಿ ಎಂದು ಹೇಳಿದ್ದೆ. ಹೆಚ್ಚಿನವರು ಮಾವಿನ ಮರ, ಚಕ್ಕುಲಿ, ಹಿತ್ತಿಲ ಬಾವಿ ಎಂದು ಬರೆದರು. ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಮಾತ್ರ ನಾಲ್ಕು ವಾಕ್ಯ ಬರೆದು, ಐದನೆಯದಾಗಿ ಒಂದು ಪ್ರಶ್ನೆ ಹಾಕಿದ್ದಳು: “ನನ್ನ ಗೆಳತಿಯ ಅಜ್ಜಿ ಇಂಗ್ಲೆಂಡಿನಲ್ಲಿದ್ದಾರೆ, ಟಿಕೆಟ್ ತೆಗೆದುಕೊಂಡು ಬಂದುಬಿಡುತ್ತಾರೆ. ನನ್ನ ಅಜ್ಜಿಗೆ ಮಾತ್ರ ಯಾಕೆ ವೀಸಾ ಬೇಕು?”

“ಅದು ರೂಲ್ಸು ಕಣೇ” ಎಂದೆ.

“ಆ ರೂಲ್ಸ್ ಯಾರು ಮಾಡಿದ್ದು ಆಂಟಿ? ಯಾವಾಗ ಮಾಡಿದ್ದು?”

ಅವತ್ತು ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ಓದಿ ತಿಳಿದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಎರಡು ಹಡಗುಗಳ ಕಥೆ, ಒಂದು ಯುದ್ಧದ ಕಥೆ. ಕೆನಡಾದಲ್ಲಿ ಬೆಳೆಯುತ್ತಿರುವ ನಿಮ್ಮ ಮನೆಗಳ ಕಥೆಯೂ ಹೌದು.

ಮೊದಲು ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಪಾಸ್‌ಪೋರ್ಟ್ ಕೊಡುವುದು ನಮ್ಮ ದೇಶ. ‘ಇವರು ನಮ್ಮವರು, ಮರಳಿ ಬಂದರೆ ಒಳಗೆ ಬಿಟ್ಟುಕೊಳ್ಳುತ್ತೇವೆ’ ಎಂಬ ಮಾತು ಅದು. ವೀಸಾ ಕೊಡುವುದು ನಾವು ಹೋಗಬೇಕಾದ ದೇಶ. ‘ಇವರ ಕಾಗದ ನೋಡಿದ್ದೇವೆ, ನಮ್ಮ ಬಾಗಿಲಿಗೆ ಬರಬಹುದು’ ಎಂಬ ಮಾತು ಇದು. ವೀಸಾ ಎಂಬ ಪದ ಲ್ಯಾಟಿನ್ ಮೂಲದ್ದು, ಅದರ ಅರ್ಥವೇ ‘ನೋಡಿದ್ದು’. ನಮ್ಮ ಕನ್ನಡದಲ್ಲೂ ಇದಕ್ಕೊಂದು ಹಳೆಯ ಪದವಿದೆ: ರಹದಾರಿ. ಪಾರಸಿಯಿಂದ ಬಂದ ಈ ಪದವನ್ನು ಆಡಳಿತದ ಭಾಷೆಯಲ್ಲಿ, ಪತ್ರಿಕೆಗಳಲ್ಲಿ ಪರವಾನಗಿಗೆ, ಪಾಸ್‌ಪೋರ್ಟಿಗೆ ಬಳಸುತ್ತಾ ಬಂದಿದ್ದಾರೆ.

ಗಡಿಯಲ್ಲಿ ಕಾಗದ ಕೇಳುವುದು ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಮುದ್ರಾಧ್ಯಕ್ಷ’ ಎಂಬ ಅಧಿಕಾರಿಯ ಕೆಲಸವನ್ನು ವಿವರಿಸುವ ಭಾಗವೇ ಇದೆ. ಒಂದು ಮಾಷ ಶುಲ್ಕ ಪಡೆದು ಅವನು ಮುದ್ರೆ ಕೊಡಬೇಕು. ಮುದ್ರೆ ಇದ್ದವರು ಮಾತ್ರ ನಾಡಿನ ಒಳಗೆ ಬರಬಹುದು, ಹೊರಗೆ ಹೋಗಬಹುದು. ಮುದ್ರೆ ಇಲ್ಲದೆ ಸಿಕ್ಕಿಬಿದ್ದ ನಾಡಿಗನಿಗೆ 12 ಪಣ ದಂಡ. ಗೋಮಾಳಗಳ ಮೇಲ್ವಿಚಾರಕನಾದ ‘ವಿವೀತಾಧ್ಯಕ್ಷ’ ದಾರಿಹೋಕರ ಮುದ್ರೆಗಳನ್ನು ನೋಡಬೇಕು. ನೋಡುವುದೇ ಅವನ ಕೆಲಸ, ಇವತ್ತಿನ ವೀಸಾದ ಅರ್ಥವೂ ಅದೇ! ಇನ್ನೊಂದು ವಿಷಯ ಗಮನಿಸಿ. ಸುಳ್ಳು ಮುದ್ರೆ ಇಟ್ಟುಕೊಂಡವನು ನಾಡಿಗನಾದರೆ ಕಡಿಮೆ ದಂಡ, ಹೊರಗಿನವನಾದರೆ ಅತಿ ಹೆಚ್ಚಿನ ದಂಡ. ತಪ್ಪು ಒಂದೇ, ಅನುಮಾನ ಮಾತ್ರ ಹೊರಗಿನವನ ಮೇಲೆ ಜಾಸ್ತಿ.

ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥ ಮತ್ತೆ ಲೋಕಕ್ಕೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು.

ಆ ಹೊತ್ತಿಗೆ ಜಗತ್ತಿನ ಬಹುಭಾಗದಲ್ಲಿ ಪ್ರಯಾಣಿಕರು ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡುತ್ತಿದ್ದರು ಎಂದರೆ ನಂಬುತ್ತೀರಾ? ರೈಲು ಬಂದ ಮೇಲೆ ಯುರೋಪಿನಲ್ಲಿ ಜನರ ಓಡಾಟ ಎಷ್ಟು ಹೆಚ್ಚಿತೆಂದರೆ, ಪ್ರತಿ ಗಡಿಯಲ್ಲೂ ಕಾಗದ ನೋಡುವುದು ಕೈಲಾಗದ ಕೆಲಸವಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದೊಂದೇ ದೇಶ ಆ ಪದ್ಧತಿಯನ್ನು ಕೈಬಿಟ್ಟಿತು. ರಷ್ಯಾ, ತುರ್ಕಿಯಂಥ ಕೆಲವು ಸಾಮ್ರಾಜ್ಯಗಳು ಮಾತ್ರ ಕೇಳುತ್ತಿದ್ದವು. ಹಣವಿದ್ದ ಒಬ್ಬ ಇಂಗ್ಲಿಷಿನವನು ಟಿಕೆಟ್ ಕೊಂಡು ಲಂಡನ್ನಿನಿಂದ ರೋಮಿಗೆ ಹೋಗಿ ಬರಬಹುದಿತ್ತು.

ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಕೆನಡಾ 1885ರಲ್ಲಿ ಚೀನಾದಿಂದ ಬರುವವರ ಮೇಲೆ ತಲೆಗೆ 50 ಡಾಲರ್ ತೆರಿಗೆ ಹಾಕಿತು. 1900ರಲ್ಲಿ ಅದು 100 ಡಾಲರ್ ಆಯಿತು, 1903ರಲ್ಲಿ 500 ಡಾಲರ್ ಆಯಿತು. ಚೀನೀಯರ ಹೆಸರು ಹೇಳಿಯೇ ಈ ಕಾನೂನು ಮಾಡಿದ್ದರು. ಭಾರತೀಯರ ವಿಷಯಕ್ಕೆ ಬಂದಾಗ ಹಾಗೆ ಮಾಡಲು ಒಂದು ತೊಡಕಿತ್ತು. ಭಾರತೀಯರೂ ಬ್ರಿಟಿಷ್ ಪ್ರಜೆಗಳು, ಕೆನಡಾದವರೂ ಬ್ರಿಟಿಷ್ ಪ್ರಜೆಗಳು. ಒಬ್ಬನೇ ದೊರೆ. ‘ಭಾರತೀಯರು ಬರಕೂಡದು’ ಎಂದು ಕಾನೂನಿನಲ್ಲಿ ಬರೆದರೆ ಸಾಮ್ರಾಜ್ಯದ ಮುಖಕ್ಕೆ ಮಸಿ ಬಳಿದಂತೆ. 1904ರಿಂದ 1908ರ ನಡುವೆ ಸುಮಾರು 5,000 ಭಾರತೀಯರು ಬ್ರಿಟಿಷ್ ಕೊಲಂಬಿಯಾಕ್ಕೆ ಬಂದಿದ್ದರು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಮರ ಕೊಯ್ಯುವ ಮಿಲ್ಲುಗಳಲ್ಲಿ ದುಡಿಯುತ್ತಿದ್ದರು. ಅಲ್ಲಿನ ಬಿಳಿಯರಲ್ಲಿ ಅವರ ವಿರುದ್ಧ ಅಸಮಾಧಾನ ಹೊಗೆಯಾಡುತ್ತಿತ್ತು.

ಆಗ ಹುಟ್ಟಿದ್ದು 1908ರ ‘ನಿರಂತರ ಪ್ರಯಾಣ’ದ ನಿಯಮ. ಕೆನಡಾಕ್ಕೆ ಬರುವವರು ತಾವು ಹುಟ್ಟಿದ ದೇಶದಿಂದ ಅಥವಾ ತಾವು ಪ್ರಜೆಗಳಾದ ದೇಶದಿಂದ, ಅಲ್ಲೇ ಕೊಂಡ ಟಿಕೆಟ್ಟಿನಲ್ಲಿ, ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬರಬೇಕು. ಜೊತೆಗೆ ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು. ನಿರಂತರ ಪ್ರಯಾಣದ ನಿಯಮದಲ್ಲಿ ಭಾರತದ ಹೆಸರೇ ಇರಲಿಲ್ಲ. ಆದರೆ ಭಾರತದಿಂದ ಅಷ್ಟು ದೂರ ಎಲ್ಲೂ ಹಡಗು ಬದಲಿಸದೆ, ಒಂದೇ ಟಿಕೆಟ್ಟಿನಲ್ಲಿ ಬರುವ ಅನುಕೂಲವೇ ಇರಲಿಲ್ಲ. ಬಾಗಿಲು ತೆರೆದೇ ಇದೆ, ಮೆಟ್ಟಿಲು ಮಾತ್ರ ಇಲ್ಲ ಎಂಬಂತಾಯಿತು. ಅದೇ ವರ್ಷ ಭಾರತೀಯರ ವಲಸೆ ತಡೆಯುವ ಬಗ್ಗೆ ಮಾತುಕತೆಗಾಗಿ ಲಂಡನ್ನಿಗೆ ಹೋಗಿಬಂದ ಅಧಿಕಾರಿಯ ಹೆಸರು ಮೆಕೆಂಜಿ ಕಿಂಗ್. ಆಗ ಅವರು ಕಾರ್ಮಿಕ ಇಲಾಖೆಯ ಉಪಮಂತ್ರಿಯ ಹುದ್ದೆಯಲ್ಲಿದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೂ ಎರಡು ಸಲ ಬರುತ್ತದೆ.

ಗುರ್ದಿತ್ ಸಿಂಗ್ ಎಂಬ ವ್ಯಾಪಾರಿ ಈ ನಿಯಮವನ್ನು ಪರೀಕ್ಷಿಸಲು ಹೊರಟರು. ಕೊಮಗಾಟ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದರು. 1914ರ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನಿಂದ ಹೊರಟ ಆ ಹಡಗು ಮೇ 23ರಂದು ವ್ಯಾಂಕೂವರಿನ ಬಂದರಿಗೆ ಬಂದು ನಿಂತಾಗ ಅದರಲ್ಲಿ 376 ಜನರಿದ್ದರು. ಬಹುಪಾಲು ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ನಾವೂ ಇದೇ ದೊರೆಯ ಪ್ರಜೆಗಳು ಎಂಬುದು ಅವರ ವಾದ. ಅವರನ್ನು ದಡಕ್ಕೆ ಇಳಿಯಗೊಡಲಿಲ್ಲ. ಊಟ, ನೀರಿಗೂ ಪರದಾಡುವಂತಾಯಿತು. ಮುನ್ಷಿ ಸಿಂಗ್ ಎಂಬ ಪ್ರಯಾಣಿಕರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಇಪ್ಪತ್ತು ಚಿಲ್ಲರೆ ಮಂದಿ ಬಿಟ್ಟರೆ ಉಳಿದವರೆಲ್ಲ ಎರಡು ತಿಂಗಳು ದಡ ನೋಡುತ್ತಾ ಕೂತು, ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ವಾಪಸ್ಸು ಹೊರಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಡಗು ಸಮುದ್ರದಲ್ಲಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ಹೊರಗಿನಿಂದ ಭಾರತಕ್ಕೆ ಬರುವವರನ್ನು ತಡೆದು ಹಿಡಿಯುವ ಅಧಿಕಾರ ಕೊಡುವ ಸುಗ್ರೀವಾಜ್ಞೆಯನ್ನು ಬ್ರಿಟಿಷ್ ಸರ್ಕಾರ ಸೆಪ್ಟೆಂಬರಿನಲ್ಲಿ ಹೊರಡಿಸಿತು. ಸೆಪ್ಟೆಂಬರ್ 29ರಂದು ಕಲ್ಕತ್ತಾ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದ ಪ್ರಯಾಣಿಕರನ್ನು ನೇರ ಪಂಜಾಬಿನ ರೈಲಿಗೆ ಹತ್ತಿಸಲು ಪೊಲೀಸರು ಕಾದಿದ್ದರು. ಜನ ಒಪ್ಪಲಿಲ್ಲ, ಕಲ್ಕತ್ತೆಯ ಕಡೆ ನಡೆದರು. ಗಲಾಟೆಯಾಯಿತು, ಗುಂಡು ಹಾರಿತು. ಸುಮಾರು 20 ಪ್ರಯಾಣಿಕರು ಸತ್ತರು. ಹೊರನಾಡು ಒಳಗೆ ಬಿಡಲಿಲ್ಲ, ಹುಟ್ಟಿದ ನಾಡಿನಲ್ಲಿ ತಮ್ಮ ಇಷ್ಟದಂತೆ ಓಡಾಡುವುದಕ್ಕೂ ಬಿಡಲಿಲ್ಲ.

ಯುದ್ಧ ಎಲ್ಲ ದೇಶಗಳ ಬಾಗಿಲುಗಳನ್ನೂ ಬಿಗಿಮಾಡಿತು. ಗೂಢಚಾರರ ಭಯ, ಸೈನ್ಯದಿಂದ ತಪ್ಪಿಸಿಕೊಂಡು ಹೋಗುವವರ ಭಯ. ಪಾಸ್‌ಪೋರ್ಟ್ ಮತ್ತೆ ಬಂತು. ಬ್ರಿಟನ್ 1915ರಲ್ಲಿ ಕೊಟ್ಟ ಪಾಸ್‌ಪೋರ್ಟ್ ಎಂಟು ಮಡಿಕೆಯ ಒಂದು ಹಾಳೆ, ಅದಕ್ಕೊಂದು ರಟ್ಟಿನ ಹೊದಿಕೆ. ಒಳಗೆ ಭಾವಚಿತ್ರ, ಸಹಿ, ಹಣೆ ಅಗಲವೋ, ಮೂಗು ಉದ್ದವೋ ಎಂಬ ಮುಖಲಕ್ಷಣ. ಇದೆಲ್ಲ ಯುದ್ಧ ಮುಗಿಯುವವರೆಗೆ ಎಂದು ಜನ ತಿಳಿದಿದ್ದರು.

ಯುದ್ಧ ಮುಗಿಯಿತು, ಪಾಸ್‌ಪೋರ್ಟ್ ಉಳಿಯಿತು. 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಒಂದು ಸಮ್ಮೇಳನ ನಡೆಸಿತು. ಯುದ್ಧಕ್ಕೆ ಮೊದಲಿದ್ದ ಸ್ಥಿತಿಗೆ ಮೆಲ್ಲಮೆಲ್ಲಗೆ ಮರಳಬೇಕೆಂಬುದು ಅಲ್ಲಿ ಸೇರಿದವರ ಆಸೆ. ಸದ್ಯಕ್ಕೆ ಎಲ್ಲ ದೇಶಗಳ ಪಾಸ್‌ಪೋರ್ಟ್ ಒಂದೇ ಥರ ಇರಲಿ ಎಂದು ಅವರು ಒಂದು ಮಾದರಿ ಹಾಕಿಕೊಟ್ಟರು: 32 ಪುಟ, ರಟ್ಟಿನ ಹೊದಿಕೆ, ಮೇಲೆ ದೇಶದ ಹೆಸರು. ನಿಮ್ಮ ಮೇಜಿನ ಖಾನೆಯಲ್ಲಿರುವ ಪುಸ್ತಕ ಅದರ ಮೊಮ್ಮಗ ಎನ್ನಬಹುದು. ಭಾರತವೂ ಅದೇ 1920ರಲ್ಲಿ, ಪಾಸ್‌ಪೋರ್ಟ್ ಇಲ್ಲದೆ ಯಾರೂ ದೇಶದೊಳಗೆ ಬರಬಾರದೆಂಬ ಕಾಯಿದೆ ಮಾಡಿತು. ಆ ಕಾಯಿದೆ ರದ್ದಾಗಿ ಹೊಸದು ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 1ರಂದು. ಯುದ್ಧಕಾಲದಲ್ಲಿ ತಾತ್ಕಾಲಿಕ ಎಂದುಕೊಂಡ ಏರ್ಪಾಡು ನೂರು ವರ್ಷ ದಾಟಿ ನಮ್ಮ ಜೊತೆ ಉಳಿದುಕೊಂಡಿದೆ.

ಈಗ ಎರಡನೆಯ ಹಡಗು. ಇದರಲ್ಲಿ ಭಾರತೀಯರಿಲ್ಲ. ಆದರೆ ‘ಪ್ರವಾಸಿ’ ಎಂಬ ಪದ ಎಷ್ಟು ಭಾರವಾಗಬಹುದೆಂದು ಈ ಹಡಗಿನಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಹಿಟ್ಲರನ ಜರ್ಮನಿ 1938ರ ಅಕ್ಟೋಬರಿನಲ್ಲಿ ಯಹೂದಿಗಳ ಪಾಸ್‌ಪೋರ್ಟುಗಳನ್ನೆಲ್ಲ ಅಸಿಂಧು ಮಾಡಿತು. ಕೆಂಪು ಬಣ್ಣದ ‘ಜೆ’ ಅಕ್ಷರ ಒತ್ತಿದ ಮೇಲಷ್ಟೇ ಅವು ಮತ್ತೆ ಚಲಾವಣೆಗೆ ಬರುತ್ತಿದ್ದವು. ಬೇರೆ ದೇಶದ ಅಧಿಕಾರಿ ಆ ಒಂದು ಅಕ್ಷರ ನೋಡಿದರೆ ಸಾಕು, ಬಂದವರು ತಿರುಗಿ ಹೋಗುವವರಲ್ಲ ಎಂದು ತಿಳಿಯುತ್ತಿತ್ತು. 1939ರ ಮೇ 13ರಂದು ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರನ್ನು ಹತ್ತಿಸಿಕೊಂಡು ಹ್ಯಾಂಬರ್ಗಿನಿಂದ ಕ್ಯೂಬಾಕ್ಕೆ ಹೊರಟಿತು. ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಅನೇಕರು ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿ ಸರದಿಗಾಗಿ ಕಾಯುತ್ತಿದ್ದರು. ಸರದಿ ಬರುವವರೆಗೆ ಕ್ಯೂಬಾದಲ್ಲಿ ಇರೋಣವೆಂದು, ಪ್ರವಾಸಿಗಳಿಗೆ ಕೊಡುವಂಥ ಇಳಿಯುವ ಪರವಾನಗಿಯನ್ನು ದುಡ್ಡು ಕೊಟ್ಟು ಪಡೆದಿದ್ದರು. ಹಡಗು ಹೊರಡುವ ಸುಮಾರು ಒಂದು ವಾರದ ಮೊದಲು ಕ್ಯೂಬಾದ ಅಧ್ಯಕ್ಷರು ಆ ಪರವಾನಗಿಗಳನ್ನು ಅಸಿಂಧು ಎಂದು ಘೋಷಿಸಿದರು. ಪ್ರವಾಸಿಗಳಿಗೆ ಒಂದು ನಿಯಮ, ನಿರಾಶ್ರಿತರಿಗೆ ಇನ್ನೊಂದು. ಕಾಗದ ಹಳೆಯದೇ, ಓದುವ ಕಣ್ಣು ಬದಲಾಗಿತ್ತು.

ಹವಾನಾದಲ್ಲಿ 28 ಜನರಿಗೆ ಮಾತ್ರ ಇಳಿಯಲು ಬಿಟ್ಟರು. ಅಮೆರಿಕ ಒಲ್ಲೆನೆಂದಿತು. ಕೆಲವು ಕೆನಡಾದ ಗಣ್ಯರು ಇವರನ್ನು ನಾವಾದರೂ ಕರೆದುಕೊಳ್ಳೋಣ ಎಂದು ಪ್ರಧಾನಿಗೆ ಮನವಿ ಮಾಡಿದರು. ಕೆನಡಾವೂ ಬಾಗಿಲು ತೆರೆಯಲಿಲ್ಲ. ಆಗ ಪ್ರಧಾನಿ ಯಾರು ಗೊತ್ತೆ? ಅದೇ ಮೆಕೆಂಜಿ ಕಿಂಗ್. ಹಡಗು ಯುರೋಪಿಗೆ ಮರಳಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಪ್ರಯಾಣಿಕರನ್ನು ಹಂಚಿಕೊಂಡವು. ಮುಂದಿನ ವರ್ಷ ಜರ್ಮನ್ ಸೈನ್ಯ ಯುರೋಪಿನ ಆ ಮೂರೂ ದೇಶಗಳಿಗೆ ನುಗ್ಗಿತು. ಆ ಪ್ರಯಾಣಿಕರಲ್ಲಿ 254 ಮಂದಿ ಯಹೂದಿಗಳ ಹತ್ಯಾಕಾಂಡದಲ್ಲಿ ಪ್ರಾಣ ಕಳೆದುಕೊಂಡರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲೋಕ ಸ್ವಲ್ಪ ಯೋಚಿಸಿತು. 1947ರ ಜನವರಿ 1ರಂದು ಕೆನಡಾದ ಪೌರತ್ವ ಕಾಯಿದೆ ಜಾರಿಗೆ ಬಂತು. ಅಲ್ಲಿಯವರೆಗೆ ಕೆನಡಾದವರು ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆಗಳಷ್ಟೆ. ಹೊಸ ಕಾಯಿದೆಯ ಮೊದಲನೆಯ ಪೌರತ್ವ ಪತ್ರ ಪಡೆದವರು, ಮೂರನೆಯ ಸಲ ಹೇಳುತ್ತಿದ್ದೇನೆ, ಮೆಕೆಂಜಿ ಕಿಂಗ್. ಅದೇ ವರ್ಷ ಬ್ರಿಟಿಷ್ ಕೊಲಂಬಿಯಾದ ಭಾರತೀಯರಿಗೆ ಮತದಾನದ ಹಕ್ಕು ಸಿಕ್ಕಿತು, ಚೀನೀಯರ ವಲಸೆ ತಡೆದಿದ್ದ ಕಾನೂನು ರದ್ದಾಯಿತು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಅದರ ಮೊದಲ ಕರಡು ಬರೆದವರು ಕೆನಡಾದವರೇ ಆದ ಜಾನ್ ಹಂಫ್ರಿ. ಅದರ 13ನೆಯ ವಿಧಿ ಪ್ರತಿಯೊಬ್ಬರಿಗೂ ಎರಡು ಹಕ್ಕು ಕೊಡುತ್ತದೆ. ಯಾವುದೇ ದೇಶವನ್ನು, ತನ್ನ ದೇಶವನ್ನೂ ಸೇರಿಸಿ, ಬಿಟ್ಟು ಹೋಗುವ ಹಕ್ಕು. ತನ್ನ ದೇಶಕ್ಕೆ ಮರಳಿ ಬರುವ ಹಕ್ಕು. ಕಿರುಕುಳ ತಪ್ಪಿಸಿಕೊಂಡು ಬಂದವರು ಆಶ್ರಯ ಕೋರಬಹುದು ಎಂದು 14ನೆಯ ವಿಧಿ ಹೇಳುತ್ತದೆ. ಆದರೆ ಇನ್ನೊಬ್ಬರ ದೇಶದೊಳಗೆ ಪ್ರವೇಶಿಸುವ ಹಕ್ಕು? ಅದು ಎಲ್ಲೂ ಇಲ್ಲ. ಮನೆಯಿಂದ ಹೊರಡಬಹುದು, ಮನೆಗೆ ಮರಳಬಹುದು, ಪಕ್ಕದ ಮನೆಯ ಬಾಗಿಲು ತೆರೆಯುವುದು ಮಾತ್ರ ಆ ಮನೆಯವರ ಇಷ್ಟ. ನಮ್ಮ ಪುಟ್ಟಿ ಕೇಳಿದ ವೀಸಾ ಇರುವುದು ಈ ಸಂದಿಯಲ್ಲಿ.

ಇನ್ನು ನಿಮ್ಮ ಮನೆಗಳ ಕಥೆಗೆ ಬರುತ್ತೇನೆ. 1951ರಲ್ಲಿ ಕೆನಡಾ ಭಾರತದೊಡನೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 150 ಭಾರತೀಯರಿಗೆ ನೆಲೆಸಲು ಅವಕಾಶ ಕೊಟ್ಟಿತು. ನೂರೈವತ್ತು! ಮೂರು ಬಸ್ಸಿನಲ್ಲಿ ಕೂರಿಸಬಹುದಾದಷ್ಟು ಜನ. 1957ರಲ್ಲಿ ಅದು 300 ಆಯಿತು. 1962ರಲ್ಲಿ ಆಯ್ಕೆಯ ನಿಯಮಗಳಿಂದ ಜನಾಂಗದ ಮಾತನ್ನು ಹೆಚ್ಚುಕಡಿಮೆ ತೆಗೆದುಹಾಕಿದರು. 1967ರ ಅಕ್ಟೋಬರ್ 1ರಿಂದ ಅಂಕಗಳ ಪದ್ಧತಿ ಬಂತು: ಓದು, ಕೆಲಸದ ಕೌಶಲ, ವಯಸ್ಸು, ಭಾಷೆ ಇಂಥವುಗಳಿಗೆ ಒಟ್ಟು 100 ಅಂಕ, 50 ಬಂದರೆ ಪಾಸು. ಎಸ್ಸೆಸ್ಸೆಲ್ಸಿಯಿಂದ ಅಂಕಗಳ ಲೆಕ್ಕದಲ್ಲೇ ಬೆಳೆದ ನಮ್ಮವರಿಗೆ ಇದು ಅರ್ಥವಾಗುವ ಭಾಷೆ.

ಅದೇ 1967ರಲ್ಲಿ ಭಾರತದಲ್ಲೂ ಒಂದು ದೊಡ್ಡ ಬದಲಾವಣೆಯಾಯಿತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ. ಅದಕ್ಕೆ ಕಾನೂನೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹನಿ ಎಂಬ ವ್ಯಾಪಾರಿಗೆ ಪಾಸ್‌ಪೋರ್ಟ್ ವಾಪಸ್ಸು ಕೊಡಿ ಎಂದು ಸರ್ಕಾರ ಹೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅವರ ಪರ ನಿಂತರು. ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರಿದೆ, ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದು ತೀರ್ಪು. ಜೂನ್ 24ರಂದು ಪಾಸ್‌ಪೋರ್ಟ್ ಕಾಯಿದೆ ಬಂತು. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಹೇಳಬೇಕು, ಮೇಲ್ಮನವಿಗೆ ಅವಕಾಶ ಇರಬೇಕು ಎಂಬುದು ಅದರಲ್ಲಿದೆ. ಒಂದೇ ವರ್ಷದಲ್ಲಿ ಭಾರತದಲ್ಲಿ ಹೊರಡುವ ದಾರಿಗೆ ಕಾನೂನಿನ ಆಸರೆ ಸಿಕ್ಕಿತು, ಕೆನಡಾದಲ್ಲಿ ಒಳಗೆ ಬರುವ ದಾರಿಗೆ ಅಂಕಪಟ್ಟಿ ಬಂತು. ನಿಮ್ಮಲ್ಲಿ ಎಷ್ಟೋ ಮಂದಿಯ ಅಪ್ಪ ಅಮ್ಮ ಈ ದೇಶಕ್ಕೆ ಬಂದ ದಾರಿಯ ಮೊದಲ ಕಲ್ಲುಗಳು ಅವು.

ಪ್ರವಾಸಿಯ ಮೇಲಿನ ಅನುಮಾನ ಇಲ್ಲಿ ಹೇಗೆ ಹೆಚ್ಚಿತು ಎಂಬುದಕ್ಕೂ 1967ರಲ್ಲಿ ಒಂದು ಸುಳಿವು ಸಿಗುತ್ತದೆ. ಆ ವರ್ಷದ ನಿಯಮದಂತೆ ಪ್ರವಾಸಿಯಾಗಿ ಬಂದವರು ಇಲ್ಲಿಂದಲೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಿತ್ತು. ಬಹಳ ಜನ ಹಾಕಿದರು, ಕಡತಗಳು ರಾಶಿ ಬಿದ್ದವು. 1972ರ ನವೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ನೋಡಿ ಹೋಗುವವರು ಬೇರೆ, ಉಳಿಯುವವರು ಬೇರೆ ಎಂದು ಗೆರೆ ಎಳೆದರು. ಬ್ರಿಟನ್ನಿನಲ್ಲೂ ಹಾಗೇ ಆಯಿತು. 1986ರವರೆಗೆ ಭಾರತದವರು ಲಂಡನ್ ನೋಡಲು ಮೊದಲೇ ವೀಸಾ ಪಡೆಯಬೇಕಾಗಿರಲಿಲ್ಲ. ಆ ವರ್ಷ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾ, ಘಾನಾ ಈ ಐದು ದೇಶದವರಿಗೆ ವೀಸಾ ಕಡ್ಡಾಯವಾಯಿತು.

ಈಗ ಪುಟ್ಟಿಯ ಪ್ರಶ್ನೆಗೆ ನೇರವಾಗಿ ಬರೋಣ. ಇಂಗ್ಲೆಂಡಿನ ಅಜ್ಜಿಗೂ ಬರೀ ಟಿಕೆಟ್ ಸಾಲದು. ವಿಮಾನದಲ್ಲಿ ಬರಲು 2016ರಿಂದ ಅವರು ಇಟಿಎ ಎಂಬ ಅನುಮತಿಯನ್ನು ಆನ್‌ಲೈನಿನಲ್ಲಿ ಪಡೆಯಬೇಕು. ಶುಲ್ಕ 7 ಡಾಲರ್. ನಮ್ಮ ಅಜ್ಜಿಗೆ ಬೇಕಾದದ್ದು ವೀಸಾ. ಶುಲ್ಕ 100 ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೂ 85. ಹಣದ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅವಧಿ ಮುಗಿದ ಮೇಲೆ ತಾನು ವಾಪಸ್ಸು ಹೋಗುತ್ತೇನೆ ಎಂಬುದನ್ನು ಭೇಟಿಗೆ ಬರುವವರೇ ಮನವರಿಕೆ ಮಾಡಿಕೊಡಬೇಕು ಎನ್ನುತ್ತದೆ ಕೆನಡಾದ ಕಾನೂನು. ಇಂಗ್ಲೆಂಡಿನ ಅಜ್ಜಿ ಹೋಗುತ್ತಾರೆಂದು ಅಧಿಕಾರಿಗಳು ಮೊದಲೇ ನಂಬಿರುತ್ತಾರೆ. ನಮ್ಮ ಅಜ್ಜಿ ಕಾಗದದ ಮೇಲೆ ನಂಬಿಸಬೇಕು. ಅದಕ್ಕೇ ಪಿಂಚಣಿ ಪುಸ್ತಕ, ಮನೆಯ ಖಾತೆ, ಬ್ಯಾಂಕಿನ ಲೆಕ್ಕ. ವೀಸಾ ಸಿಕ್ಕ ಮೇಲೂ ವಿಮಾನ ನಿಲ್ದಾಣದ ಅಧಿಕಾರಿ ಒಪ್ಪಿದರಷ್ಟೇ ಒಳಗೆ ಪ್ರವೇಶ.

ಯಾವ ದೇಶದವರಿಗೆ ವೀಸಾ ಬೇಕೆಂದು ಸರ್ಕಾರಗಳು ಲೆಕ್ಕ ಹಾಕುವುದು ಹೀಗೆ: ಆ ದೇಶದಿಂದ ಬಂದವರಲ್ಲಿ ಎಷ್ಟು ಜನ ಅವಧಿ ಮೀರಿ ಉಳಿದರು, ಎಷ್ಟು ಜನ ಆಶ್ರಯ ಕೋರಿದರು, ಆ ದೇಶದ ಪಾಸ್‌ಪೋರ್ಟ್ ಎಷ್ಟು ಭದ್ರ, ಅವರು ನಮ್ಮವರನ್ನು ಹೇಗೆ ನಡೆಸಿಕೊಳ್ಳುತ್ತಾರೆ. ಈ ಪಟ್ಟಿ ಶಿಲಾಶಾಸನವಲ್ಲ. ಮೆಕ್ಸಿಕೋದವರಿಗೆ ಕೆನಡಾ 2009ರಲ್ಲಿ ವೀಸಾ ಹಾಕಿತು, 2016ರಲ್ಲಿ ತೆಗೆಯಿತು, 2024ರಲ್ಲಿ ಅನೇಕರಿಗೆ ಮತ್ತೆ ಹಾಕಿತು. ಹಾಸನದ ಅಜ್ಜಿ ಯಾವ ತಪ್ಪನ್ನೂ ಮಾಡಿಲ್ಲ. ತನ್ನ ದೇಶದ ಸರಾಸರಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ ಅಷ್ಟೆ. ‘ನಾನು ಆ ಸರಾಸರಿಯಲ್ಲ’ ಎಂದು ಒಬ್ಬೊಬ್ಬರಾಗಿ ಸಾಬೀತು ಮಾಡುವ ಹೊರೆ ಅವರದು.

ಈಗಿನ ನಿಯಮಗಳೆಲ್ಲ 1908ರ ನಿಯಮದ ಹಾಗೆ ಬೇಕೆಂದೇ ಯಾರನ್ನೋ ಹೊರಗಿಡಲು ಹೆಣೆದವು ಎಂದು ನಾನು ಹೇಳುವುದಿಲ್ಲ. ಕೆಲವು ಸಲ ನಿಯಮ ಮಾಡಿದವರಿಗೆ ನಮ್ಮ ಬದುಕಿನ ರೀತಿ ಗೊತ್ತೇ ಇರುವುದಿಲ್ಲ. ಹೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ನೋಡಿದ್ದೀರಲ್ಲ? ಒಂದೊಂದರಲ್ಲಿ 44 ಅಕ್ಷರ. ಯಂತ್ರ ಓದಲಿ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲಿ ಪ್ರಕಟಿಸಿದ ಮಾದರಿಯಿಂದ ಬಂದದ್ದು. ಅಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಇಟ್ಟ ಹೆಸರು. ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನರಿಗೆ ಇರುವುದು ಒಂದೇ ಹೆಸರು, ಮುಂದೆ ಊರಿನದೋ ತಂದೆಯದೋ ಗಂಡನದೋ ಒಂದು ಇನಿಷಿಯಲ್. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತು ಎಂದು ಸಡಿಲಿಸಿದರು. ಅಜ್ಜಿಯ ಪಾಸ್‌ಪೋರ್ಟ್ ಮಾಡಿಸುವಾಗ ಹೆಸರಿನ ಎರಡೂ ಖಾನೆಗಳನ್ನು ತುಂಬಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕೆನಡಾದ ಮಾತಾಯಿತು, ನಮ್ಮ ಭಾರತ ಹೇಗೆ? ಅಲ್ಲಿನ ಬಾಗಿಲಲ್ಲಿ ನಿಂತಾಗ ನೀವು ಹೊರಗಿನವರು. ಕೆನಡಾ ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ನಿಮ್ಮ ಅಪ್ಪ ಅಮ್ಮ ಕೆನಡಾದ ಪ್ರಜೆಗಳಾದ ದಿನವೇ ಅವರ ಭಾರತದ ಪೌರತ್ವ ಕೊನೆಗೊಂಡಿತು. 2005ರಲ್ಲಿ ಶುರುವಾದ ಓಸಿಐ ಕಾರ್ಡ್ ನಿಮ್ಮನ್ನು ಜೀವನಪೂರ್ತಿ ವೀಸಾದ ಚಿಂತೆಯಿಂದ ತಪ್ಪಿಸುತ್ತದೆ ನಿಜ, ಆದರೆ ಅದು ಪೌರತ್ವವಲ್ಲ, ಮತದ ಹಕ್ಕೂ ಇಲ್ಲ. 2023ರ ಸೆಪ್ಟೆಂಬರ್ 21ರಂದು ಎರಡು ಸರ್ಕಾರಗಳ ಜಗಳ ಜೋರಾಗಿದ್ದಾಗ ಭಾರತ ಕೆನಡಾದವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಅಕ್ಟೋಬರ್ 26ರಿಂದ ಕೆಲವು ಬಗೆಯ ವೀಸಾ, ನವೆಂಬರ್ 22ರಿಂದ ಇ-ವೀಸಾ ಮತ್ತೆ ಶುರುವಾದವು. ಓಸಿಐ ಇದ್ದ ಮೊಮ್ಮಕ್ಕಳು ಹಬ್ಬಕ್ಕೆ ಹೋಗಿಬರಬಹುದಿತ್ತು. ಇಲ್ಲದ ಎಷ್ಟೋ ಜನರಿಗೆ ಆ ವರ್ಷದ ದಸರಾ ವಿಡಿಯೋ ಕರೆಯಲ್ಲೇ. ಅಜ್ಜಿಯನ್ನು ನೋಡುವ ಆಸೆಗೂ ಆ ಜಗಳಕ್ಕೂ ಏನು ಸಂಬಂಧ ಎಂದರೆ, ಏನೂ ಇಲ್ಲ. ಆದರೂ ಬಾಗಿಲು ಮುಚ್ಚಿತ್ತು.

ಹಾಗಾದರೆ ರೂಲ್ಸು ಇರುವುದೇ ಹೀಗೆ, ಸುಮ್ಮನಿರಬೇಕೆ? ಚರಿತ್ರೆ ಹಾಗೆ ಹೇಳುವುದಿಲ್ಲ. 1967ರಲ್ಲಿ ಒಬ್ಬ ವ್ಯಾಪಾರಿ ಪ್ರಶ್ನೆ ಕೇಳಿದ್ದಕ್ಕೆ ಇಡೀ ಭಾರತಕ್ಕೆ ಪಾಸ್‌ಪೋರ್ಟ್ ಕಾನೂನು ಬಂತು. ತಂದೆ ತಾಯಿ, ಅಜ್ಜ ಅಜ್ಜಿಯರಿಗೆಂದೇ 2011ರಲ್ಲಿ ಕೆನಡಾ ಸೂಪರ್ ವೀಸಾ ತಂದಿತು. ಈಗ ಅದರಲ್ಲಿ ಒಮ್ಮೆ ಬಂದರೆ ಐದು ವರ್ಷದವರೆಗೂ ಇರಬಹುದು. ಕೊಮಗಾಟ ಮಾರು ಪ್ರಕರಣಕ್ಕೆ 2008ರಲ್ಲಿ ಆಗಿನ ಪ್ರಧಾನಿ ಒಂದು ಉದ್ಯಾನದ ಸಮಾರಂಭದಲ್ಲಿ ಕ್ಷಮೆ ಕೇಳಿದರು. ಪಾರ್ಲಿಮೆಂಟಿನಲ್ಲಿ ಕೇಳಬೇಕು ಎಂದು ಜನ ಪಟ್ಟು ಹಿಡಿದರು. 2016ರ ಮೇ 18ರಂದು ಪಾರ್ಲಿಮೆಂಟಿನಲ್ಲೇ ಕ್ಷಮೆ ಬಂತು. 2018ರ ನವೆಂಬರ್ 7ರಂದು ಸೇಂಟ್ ಲೂಯಿಸ್ ಹಡಗಿನವರಿಗೂ ಬಂತು. ಒಂದು ಹಡಗಿಗೆ 102 ವರ್ಷ, ಇನ್ನೊಂದಕ್ಕೆ 79 ವರ್ಷ ತಡವಾಗಿ.

ನಿಮ್ಮಲ್ಲಿ ಕೆಲವರು ನಾಳೆ ವಕೀಲರಾಗುತ್ತೀರಿ, ಅಧಿಕಾರಿಗಳಾಗುತ್ತೀರಿ, ಯಾರಿಗೆ ಗೊತ್ತು, ಇಂಥ ನಿಯಮ ಬರೆಯುವ ಕುರ್ಚಿಯಲ್ಲೇ ಕೂರುತ್ತೀರಿ. ಆಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ನಿಯಮದಲ್ಲಿ ಹೆಸರು ಹೇಳದೆಯೂ ಯಾರು ಹೊರಗೆ ಉಳಿಯುತ್ತಾರೆ? ವಾಪಸ್ಸು ಹೋಗುತ್ತೇನೆ ಎಂದು ಯಾರು ಸಾಬೀತು ಮಾಡಬೇಕಾಗುತ್ತದೆ, ಯಾರನ್ನು ಕೇಳದೆಯೇ ನಂಬುತ್ತಾರೆ? ಅಲ್ಲಿಯವರೆಗೆ ಒಂದು ಚಿಕ್ಕ ಕೆಲಸ ಇದೆ. ಮುಂದಿನ ಸಲ ಅಜ್ಜಿಯ ಅರ್ಜಿ ತುಂಬುವಾಗ ಅಪ್ಪನೊಬ್ಬರನ್ನೇ ಕಂಪ್ಯೂಟರಿನ ಮುಂದೆ ಬಿಡಬೇಡಿ. ನೀವೂ ಪಕ್ಕದಲ್ಲಿ ಕೂತು, ಒಂದೊಂದು ಪ್ರಶ್ನೆಯನ್ನೂ ಫೋನಿನಲ್ಲಿ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿ. ಎಷ್ಟು ಮಕ್ಕಳು, ಎಲ್ಲಿ ಹುಟ್ಟಿದ್ದು, ಏನು ಕೆಲಸ ಮಾಡುತ್ತಿದ್ದರು ಎಂದು ಅರ್ಜಿ ಕೇಳುತ್ತದೆ. ಅಜ್ಜಿ ಅರ್ಜಿಯ ಖಾನೆಯಲ್ಲಿ ಹಿಡಿಸಲಾರದಷ್ಟು ಹೇಳುತ್ತಾರೆ. ಅದು ನಿಮ್ಮದೇ ಚರಿತ್ರೆ.

ಮುಂದಿನ ಶನಿವಾರ ನಮ್ಮ ಪುಟ್ಟಿಗೆ ಈ ಉತ್ತರ ಒಪ್ಪಿಸಬೇಕು. ಅವಳ ಮುಂದಿನ ಪ್ರಶ್ನೆ ಏನಿರುತ್ತದೋ ಎಂದು ಈಗಲೇ ಸ್ವಲ್ಪ ಹೆದರಿಕೆಯಾಗುತ್ತಿದೆ. ಕೇಳಲಿ, ಕೇಳುತ್ತಲೇ ಇರಲಿ.